ಸ್ಟೇಪ್ಲರ್ ಕೆಳಗಿನ ತುಂಡುಬಟ್ಟೆ

ನನ್ನ ದುಪಟ್ಟಾದ ಮೇಲೆ, ಎಡಭುಜದ ಹತ್ತಿರ, ಬಟ್ಟೆಯದೊಂದು ಹೂವು ಪಿನ್ನಿನಲ್ಲಿ ಕೂತಿರುತ್ತದೆ. ನೋಡಿದವರು ಚೆನ್ನಾಗಿದೆ ಅನ್ನುತ್ತಾರೆ, ಕೆಲವರು ಮುಟ್ಟಿಯೂ ನೋಡುತ್ತಾರೆ. ಅದರ ಕೆಳಗೆ ಏನಿದೆ ಅಂತ ಮಾತ್ರ ಯಾರೂ ಕೇಳಿಲ್ಲ. ಕೆಳಗಿರುವುದು ಗೇರ್ ಆಯಿಲಿನ ಕಲೆ. ಹುಣಸೆಹಣ್ಣು, ನಿಂಬೆಹಣ್ಣು, ಪಾತ್ರೆ ತೊಳೆಯುವ ಸೋಪು, ಕೊನೆಗೆ ನಮ್ಮನೆಯವರ ಶೇವಿಂಗ್ ಕ್ರೀಮು, ಯಾವುದಕ್ಕೂ ಜಗ್ಗದ ಕಲೆ. ದುಪಟ್ಟಾ ಹೊಸದು, ಬಿಸಾಡಲು ಮನಸ್ಸು ಬರಲಿಲ್ಲ. ಕಲೆ ಹೋಗುವುದಿಲ್ಲ ಅಂತ ಖಾತ್ರಿಯಾದ ಮೇಲೆ ಅದರ ಮೇಲೊಂದು ಹೂವು ಕೂರಿಸಿದೆ. ನನ್ನ ಕಲಾಜೀವನ ಶುರುವಾದದ್ದು ಹೀಗೆ, ಅಕ್ಷರಶಃ ಕಲೆಯಿಂದ.

ಬಹರೇನಿನಲ್ಲಿ, ಟುಬ್ಲಿ ಅನ್ನುವ ಕಡೆ, ಕಾರು ರಿಪೇರಿಯ ಗ್ಯಾರೇಜೊಂದರಲ್ಲಿ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಎಂ.ಕಾಂ. ಮಾಡಿದವಳು ಯಾವುದಾದರೂ ಬ್ಯಾಂಕಿನ ಎ.ಸಿ.ಯಲ್ಲಿ ಕೂರಬೇಕಿತ್ತು ಅಂತ ದಾವಣಗೆರೆಯಿಂದ ನನ್ನ ಅಕ್ಕ ಈಗಲೂ ಫೋನಿನಲ್ಲಿ ಕೊರಗುತ್ತಾಳೆ. ಇಲ್ಲೂ ಎ.ಸಿ. ಇದೆ, ಗಾಜಿನ ಗೋಡೆಯ ಪುಟ್ಟ ಕೋಣೆಯೂ ಇದೆ. ಬಾಗಿಲು ತೆಗೆದು ಬರುವವರ ಕೈಯಲ್ಲೆಲ್ಲ ಗ್ರೀಸು ಇರುತ್ತದೆ, ಅಷ್ಟೇ ವ್ಯತ್ಯಾಸ. ಆ ಕೈಗಳನ್ನು ಒರೆಸಲು ಗ್ಯಾರೇಜಿಗೆ ಆಗಾಗ ಚಿಂದಿಯ ದೊಡ್ಡ ಮೂಟೆ ಬರುತ್ತದೆ. ಯಾರ್ಯಾರೋ ಉಟ್ಟು ತೊಟ್ಟು ಬಿಟ್ಟ ಹತ್ತಿಬಟ್ಟೆಗಳನ್ನು ತುಂಡು ಮಾಡಿ, ಒತ್ತಿ ಕಟ್ಟಿ, ತೂಕಕ್ಕೆ ಮಾರುತ್ತಾರೆ. ಮೂಟೆ ಬಿಚ್ಚಿದ ದಿನ ನಾನು ಹೋಗಿ ಇಣುಕುತ್ತಿದ್ದೆ. ಯಾರದೋ ಶರಟಿನ ತೋಳು, ಮಗುವಿನ ಫ್ರಾಕಿನ ನೆರಿಗೆ, ದಿಂಬಿನ ಗವಸಿನ ಮೂಲೆ. ಬಣ್ಣ ಚೆನ್ನಾಗಿರುವ ಒಂದೆರಡು ತುಂಡು ಆರಿಸಿ, ಮನೆಗೆ ತಂದು, ಬಿಸಿನೀರಿನಲ್ಲಿ ಕುದಿಸಿ ಒಣಗಿಸುತ್ತಿದ್ದೆ.

ಮಾಡುವುದೇನೂ ಕಷ್ಟವಿಲ್ಲ. ದುಂಡಗೆ ಕತ್ತರಿಸಿ, ನಾಲ್ಕಾಗಿ ಮಡಚಿ, ಅಂಚಿಗೆ ದಾರ ಪೋಣಿಸಿ ಎಳೆದರೆ ಒಂದು ಎಸಳು. ಐದು ಎಸಳು ಸೇರಿಸಿ ನಡುವೆ ಗುಂಡಿ ಹೊಲಿದರೆ ಹೂವು. ಹಳೆಯ ಪ್ಲಾಸ್ಟಿಕ್ ಬಳೆಗೆ ಬಟ್ಟೆ ಸುತ್ತಿದರೆ ಹೊಸ ಬಳೆ. ಉಳಿದ ಚೂರನ್ನು ಉಂಡೆ ಮಾಡಿ ಪೋಣಿಸಿದರೆ ಸರ. ನಮ್ಮ ಮಗಳು ಸಿಂಚನಾ ಒಮ್ಮೆ ಆ ಸರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಅಮ್ಮಾ, ಇಟ್ಸ್ ಲಿಟರಲಿ ಗ್ಯಾರೇಜ್ ವೇಸ್ಟ್" ಅಂದಳು. ಅವಳು ಹನ್ನೊಂದನೇ ಕ್ಲಾಸು. ಆ ವಯಸ್ಸಿನಲ್ಲಿ ಅಮ್ಮ ಮಾಡಿದ್ದೆಲ್ಲ ವೇಸ್ಟೇ.

ಅವಳನ್ನು ಬಯ್ಯುವಂತಿಲ್ಲ. ಅವಳಿಗಿಂತ ಚಿಕ್ಕವಳಿದ್ದಾಗ ನನಗೂ ಇಂಥದ್ದೇ ಪಾಡು ಬಂದಿತ್ತು. ನಮ್ಮಮ್ಮ ಮನೆಯಲ್ಲೇ ಹೊಲಿಯುತ್ತಿದ್ದರು. ಅಪ್ಪನಿಗೆ ಪಟ್ಟಾಪಟ್ಟಿ ಚಡ್ಡಿ ಹೊಲಿದು ಉಳಿದ ಬಟ್ಟೆಯಲ್ಲಿ ನನಗೆ ಜಡೆಯ ರಿಬ್ಬನ್ ಮಾಡಿಕೊಟ್ಟರು. ನೀಲಿ ಗೆರೆ, ಬಿಳಿ ಗೆರೆ, ಅಂಚಿಗೆ ಕೈಹೊಲಿಗೆ. ನಾನು ಹೆಮ್ಮೆಯಿಂದ ಎರಡು ಜಡೆ ಮಡಚಿ ಕಟ್ಟಿಕೊಂಡು ಸ್ಕೂಲಿಗೆ ಹೋಗುತ್ತಿದ್ದೆ. ಎದುರುಮನೆಯ ಪುಟ್ಟಿ ಒಂದು ಬೆಳಿಗ್ಗೆ ನಮ್ಮ ಹಿತ್ತಲಿನ ತಂತಿಯ ಮೇಲೆ ಒಣಗುತ್ತಿದ್ದ ಅಪ್ಪನ ಚಡ್ಡಿಗಳನ್ನು ನೋಡಿದಳು, ಆಮೇಲೆ ನನ್ನ ಜಡೆ ನೋಡಿದಳು. ಮಧ್ಯಾಹ್ನದ ಹೊತ್ತಿಗೆ ಇಡೀ ಕ್ಲಾಸಿಗೆ ಗೊತ್ತಾಗಿತ್ತು. ಅಂದು ಸಂಜೆ ಅಳುತ್ತಾ ರಿಬ್ಬನ್ ಬಿಚ್ಚಿ ಎಸೆದಾಗ ಅಮ್ಮನಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಅದೇ ಥಾನಿನ ಬಟ್ಟೆ, ಚಡ್ಡಿಯಾಗಿಲ್ಲದ ಭಾಗ, ಅದರಲ್ಲೇನು ನಾಚಿಕೆ ಅಂತ ಅವರ ವಾದ.

ಎಲ್ಲಿಗೋ ಹೋದೆ. ಗ್ಯಾರೇಜಿಗೆ ಬರೋಣ.

ಒಂದು ಬೆಳಿಗ್ಗೆ ಕೆಲಸಕ್ಕೆ ಬಂದು ನೋಡುತ್ತೇನೆ, ನನ್ನ ಮೇಜಿನ ಮೇಲೆ ಸ್ಟೇಪ್ಲರ್ ಕೆಳಗೆ ಒಂದು ಬಟ್ಟೆಯ ತುಂಡು. ಹಸಿರು ಬಣ್ಣ, ಬಿಳಿ ಬಳ್ಳಿ. ಒಗೆದು, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಒಂದು ಮೂಲೆಯಲ್ಲಿ ಮಾತ್ರ ಇಸ್ತ್ರಿಪೆಟ್ಟಿಗೆ ಹೆಚ್ಚು ಹೊತ್ತು ಕೂತು ಕಂದು ಗುರುತು ಬಿದ್ದಿತ್ತು. ಮೂಟೆಯಲ್ಲಿ ಸಿಕ್ಕಿದ್ದನ್ನು ಯಾರೋ ನನಗಾಗಿ ತೆಗೆದಿಟ್ಟಿದ್ದಾರೆ ಅಂದುಕೊಂಡೆ. ಒಗೆಯುವ ಕಷ್ಟ ಯಾಕೆ ತಗೊಂಡರೋ ತಿಳಿಯಲಿಲ್ಲ. ಮುಂದಿನ ವಾರ ಇನ್ನೊಂದು ಬಂತು. ಆಮೇಲೆ ಮತ್ತೊಂದು. ಎಲ್ಲವೂ ಹೂಹೂವಿನ ಮೆತ್ತನೆ ಬಟ್ಟೆ, ಎಲ್ಲದಕ್ಕೂ ತೆಳ್ಳಗೆ ಊದಿನ ಹೊಗೆಯ ಪರಿಮಳ. ಚಿಂದಿಯ ಮೂಟೆಗೆ ಪರಿಮಳ ಇರುವುದನ್ನು ನಾನಂತೂ ಕಂಡಿಲ್ಲ. ಮೂಗಿಗೆ ಹಿಡಿದು ಕೂತವಳಿಗೆ ನಿಧಾನವಾಗಿ ಗಾಬರಿಯಾಯಿತು.

ಗ್ಯಾರೇಜಿನಲ್ಲಿ ಅತ್ತರು ಹಾಕುವವರು ಒಬ್ಬರೇ, ಇಸ್ಮಾಯಿಲ್ ಭಾಯಿ. ಪಾಕಿಸ್ತಾನದವರು, ತಗ್ಗು ಬಿದ್ದ ಬಾಗಿಲು ಬಾನೆಟ್ಟುಗಳನ್ನು ಬಡಿದು ನೇರ ಮಾಡಿ ಪೇಂಟು ಹೊಡೆಯುವವರು, ನನಗಿಂತ ಬಹಳ ದೊಡ್ಡವರು. ಮಾತು ಕಡಿಮೆ, ನೆಲ ನೋಡಿಕೊಂಡೇ ಸಲಾಂ ಹೇಳುವ ಮನುಷ್ಯ. ಅವರು ಯಾಕೆ ನನಗೆ ಬಟ್ಟೆ ಇಡುತ್ತಾರೆ? ಕೂದಲಿಗೆ ಬಣ್ಣ ಹಚ್ಚಲು ಶುರುಮಾಡಿ ಆಗಲೇ ವರ್ಷಗಳಾದ ಹೆಂಗಸು ನಾನು. ಇಂಥ ಅನುಮಾನ ಬಂದದ್ದಕ್ಕೆ ನನ್ನ ಮೇಲೆ ನನಗೇ ನಗು ಬಂತು. ನಗು ಬಂದರೂ ಅನುಮಾನ ಹೋಗಲಿಲ್ಲ.

ಕೊನೆಗೆ ಧೈರ್ಯ ಮಾಡಿ ಅವರ ಹತ್ತಿರ ಹೋಗಿ, ನನಗೆ ಬರುವ ಹಿಂದಿಯಲ್ಲಿ, ಬಟ್ಟೆಗೆ ತುಂಬಾ ಥ್ಯಾಂಕ್ಸು, ಆದರೆ ಇನ್ನು ಮೇಲೆ ತೊಂದರೆ ತಗೋಬೇಡಿ ಅಂದೆ. ಅವರು ಗಂಭೀರವಾಗಿ ತಲೆಯಾಡಿಸಿದರು. ನನ್ನ ಹಿಂದಿ ಅವರಿಗೆ ಹೇಗೆ ಕೇಳಿಸಿತೋ ದೇವರಿಗೇ ಗೊತ್ತು. ಮಾರನೆಯ ದಿನ ಅವರೇ ಖುದ್ದಾಗಿ ಒಂದು ಚೀಲದ ತುಂಬ ಗ್ರೀಸು ಹತ್ತಿದ ಕರೀ ಚಿಂದಿ ತಂದು ಬಾಗಿಲ ಬಳಿ ಇಟ್ಟು, ಬೇಕಾದರೆ ಇನ್ನೂ ಇದೆ ಅಂದರು. ಪಾಪ, ಮೇಡಮ್ಮಿಗೆ ಚಿಂದಿಗೆ ಅಷ್ಟೊಂದು ತತ್ವಾರ ಅಂತ ಅವರಿಗೆ ಮೊದಲ ಸಲ ಗೊತ್ತಾದಂತಿತ್ತು. ಅಲ್ಲಿಗೆ ಅವರಲ್ಲ ಅನ್ನುವುದು ಖಚಿತವಾಯಿತು. ಸ್ಟೇಪ್ಲರ್ ಕೆಳಗೆ ಶುಭ್ರವಾದ ತುಂಡುಗಳು ಬರುವುದು ನಿಲ್ಲಲಿಲ್ಲ.

ಇಷ್ಟಾದ ಮೇಲೆ ನಮ್ಮನೆಯವರಿಗೆ ಹೇಳಿದೆ. ಅವರು ಅಸ್ಕರ್ ಕಡೆಯ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಎಂಜಿನಿಯರ್, ಶಿಫ್ಟ್ ಕೆಲಸ. ಮೊದಲು ಜೋರಾಗಿ ನಕ್ಕರು. ಊಟ ಮುಗಿಯುವ ಹೊತ್ತಿಗೆ ನಗು ನಿಂತಿತ್ತು. ಬಟ್ಟೆ ಹತ್ತಿಯದೋ ರೇಷ್ಮೆಯದೋ ಅಂತ ಕೇಳಿದರು, ಅದರಿಂದ ಏನು ತಿಳಿಯುತ್ತದೋ. ಆ ವಾರ ನಮ್ಮ ಕಾರಿನ ಬ್ರೇಕಿನಲ್ಲಿ ಸದ್ದು ಬರುತ್ತದೆ ಅಂತ ಗ್ಯಾರೇಜಿಗೆ ಬಂದರು. ಮರುವಾರ ವೈಪರ್ ಸರಿಯಿಲ್ಲ ಅಂತ ಬಂದರು. ಬಂದವರು ಕಾರು ಬಿಟ್ಟು ಎಲ್ಲರ ಮುಖ ನೋಡುತ್ತಾ ನಿಲ್ಲುತ್ತಿದ್ದರು. ಕಾರಿಗೇನೂ ಆಗಿಲ್ಲ, ಸಾಹೇಬರ ಕಿವಿ ಸ್ವಲ್ಪ ಚುರುಕು ಅಂತ ಇಸ್ಮಾಯಿಲ್ ಭಾಯಿ ನನ್ನ ಹತ್ತಿರ ಮೆಲ್ಲಗೆ ಹೇಳಿದರು.

ನಾವಿಬ್ಬರೂ ಯೋಚಿಸದೆ ಬಿಟ್ಟದ್ದು ಒಬ್ಬರನ್ನೇ, ನಮ್ಮ ಅರ್ಬಾಬ್‌ರನ್ನು. ಇಲ್ಲಿ ಧಣಿಯನ್ನು ಹಾಗೆ ಕರೆಯುತ್ತಾರೆ. ಬಹರೇನಿನವರು, ವಯಸ್ಸಾದವರು, ಬೆಳ್ಳನೆ ನಿಲುವಂಗಿಯಲ್ಲಿ ದಿನವೂ ಬಂದು ಒಳಕೋಣೆಯಲ್ಲಿ ಕೂರುತ್ತಾರೆ. ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ, ಇಲ್ಲಿನ ರಿವಾಜಿನಂತೆ ಉಮ್ ಸಿಂಚನಾ ಅನ್ನುತ್ತಾರೆ, ಅಂದರೆ ಸಿಂಚನಾಳ ಅಮ್ಮ. ಮೊದಲೇ ಬಿಗಿ ಮುಖ, ಹೋದ ವರ್ಷ ಹೆಂಡತಿ ತೀರಿಕೊಂಡ ಮೇಲೆ ಮಾತು ಇನ್ನೂ ಕಡಿಮೆಯಾಗಿತ್ತು. ಗೇರ್‌ಬಾಕ್ಸಿನ ಬೆಲೆಗೆ ಅರ್ಧ ದಿನ ಜಗ್ಗಾಡುವ ಅಂಥವರು ಬಟ್ಟೆ ಮಡಚಿ ಇಡುತ್ತಾರೆ ಅಂತ ಯಾರು ಅಂದುಕೊಳ್ಳುತ್ತಾರೆ, ನೀವೇ ಹೇಳಿ.

ಅಷ್ಟರಲ್ಲಿ ನಾನು ಸುಮ್ಮನೆ ಕೂತಿರಲಿಲ್ಲ. ಬಂದ ಬಟ್ಟೆಯಲ್ಲಿ ಮಾಡಿದ್ದನ್ನೆಲ್ಲ ಹಂಚುತ್ತಿದ್ದೆ. ನಾವಿರುವುದು ಸೆಗಯಾದ ಒಂದು ಹಳೆಯ ಕಟ್ಟಡದಲ್ಲಿ. ಮೇಲಿನ ಮನೆಯಲ್ಲಿ ಸಿಂತಿಯಾ ಇದ್ದಾಳೆ, ಮಂಗಳೂರಿನವಳು, ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಹೂವಿನ ಪಿನ್ನು, ಬಳೆ. ಅವಳ ತಂಗಿಗೆ ಒಂದು ಸರ. ನನಗೆ ಒಂದು ತಲೆಪಟ್ಟಿ, ಮರೂನ್ ಬಣ್ಣದ ಮೇಲೆ ಸಣ್ಣ ಹಳದಿ ಹೂವು. ಅಂಥ ಚೆಂದದ ಬಟ್ಟೆ ನನ್ನ ಕೈಗೆ ಅದುವರೆಗೆ ಸಿಕ್ಕಿರಲಿಲ್ಲ.

ಆ ತಲೆಪಟ್ಟಿ ಹಾಕಿಕೊಂಡು ಕೂತಿದ್ದ ದಿನವೇ ಅರ್ಬಾಬ್‌ರ ಮಗಳು ಮರ್ಯಮ್ ಬಂದಳು. ಟೀಚರು, ಗಂಡನ ಮನೆ ರಿಫಾದಲ್ಲಿ, ಅಪ್ಪನನ್ನು ನೋಡಲು ಆಗೊಮ್ಮೆ ಈಗೊಮ್ಮೆ ಬರುತ್ತಾಳೆ. ಬಂದವಳು ನನಗೆ ಸಲಾಂ ಹೇಳಿ ಮುಂದೆ ಹೋಗುವವಳು ಹಾಗೇ ನಿಂತಳು. ನನ್ನ ತಲೆಯನ್ನೇ ನೋಡಿದಳು. ಇದನ್ನು ಎಲ್ಲಿ ಕೊಂಡಿರಿ ಅಂತ ಇಂಗ್ಲಿಷಿನಲ್ಲಿ ಕೇಳಿದಳು.

ನನಗೋ ಹಿಗ್ಗು. ಕೊಂಡದ್ದಲ್ಲ, ನಾನೇ ಮಾಡಿದ್ದು ಅಂತ ತಲೆಯಿಂದ ತೆಗೆದು ಅವಳ ಕೈಯಲ್ಲೇ ಇಟ್ಟೆ. ಒಳಗಿನ ಹೊಲಿಗೆ ತೋರಿಸಿದೆ. ಸಾಲದು ಅಂತ, ನಂಬುತ್ತೀರೋ ಇಲ್ಲವೋ, ಇದು ನಮ್ಮ ಗ್ಯಾರೇಜಿನಲ್ಲಿ ಗ್ರೀಸು ಒರೆಸುವ ಚಿಂದಿ ಮೂಟೆಯಲ್ಲಿ ಸಿಕ್ಕಿದ್ದು ಅಂದೆ.

ಅವಳು ತಲೆಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದು ನನ್ನ ಅಮ್ಮನ ಬಟ್ಟೆ" ಅಂದಳು. "ಈದ್ ದಿನ ಮನೆಯಲ್ಲಿ ಹಾಕೋತಿದ್ದರು."

ತಲೆಪಟ್ಟಿ ಮುಷ್ಟಿಯಲ್ಲಿ ಹಿಡಿದುಕೊಂಡೇ ಒಳಕೋಣೆಗೆ ಹೋದಳು. ಅಲ್ಲೂ ಗಾಜಿನ ಗೋಡೆಯೇ, ಕಾಣುತ್ತದೆ, ಕೇಳುವುದಿಲ್ಲ. ಅವಳ ಕೈ ಮೇಲೆ ಕೆಳಗೆ ಆಡುತ್ತಿತ್ತು. ಒಮ್ಮೆ ಹೊರಗೆ ಎಂಜಿನ್ ಒರೆಸುತ್ತಿದ್ದವರ ಕಡೆಗೂ ಬೆರಳು ತೋರಿಸಿದಳು. ಅರ್ಬಾಬ್ ಕೂತೇ ಇದ್ದರು. ಹೊರಗೆ ಇಸ್ಮಾಯಿಲ್ ಭಾಯಿ ಉಜ್ಜುವ ಮಷೀನು ನಿಲ್ಲಿಸಿಬಿಟ್ಟರು. ತೀರಿಕೊಂಡವರ ಬಟ್ಟೆ ಚಿಂದಿಯ ಮೂಟೆಗೆ ಹೇಗೆ ಬಂತು? ಬಂದಿದ್ದರೂ ಅದನ್ನು ಒಗೆದು ನನಗೆ ಇಟ್ಟವರು ಯಾರು? ನಾನು ಕತ್ತರಿಸಿದ್ದು ಏನನ್ನು? ಇವತ್ತಿಗೆ ಕೆಲಸ ಹೋಯಿತು ಅಂತಲೂ ಒಂದು ಕಡೆಯಿಂದ ಅನ್ನಿಸುತ್ತಿತ್ತು.

ಅರ್ಬಾಬ್ ಬಾಗಿಲು ತೆಗೆದು ನನ್ನನ್ನು ಕರೆದರು. ಅವರು ಮಾತಾಡುವುದು ಗಲ್ಫಿನ ಹಿಂದಿ, ಕಾಲು ಭಾಗ ಅರಬ್ಬೀ ಸೇರಿದ್ದು.

"ಉಮ್ ಸಿಂಚನಾ, ಬಟ್ಟೆ ಎಲ್ಲಿ ಸಿಗ್ತಿತ್ತು, ಇವಳಿಗೆ ಹೇಳು."

ನನ್ನ ಮೇಜಿನ ಮೇಲೆ, ಸ್ಟೇಪ್ಲರ್ ಕೆಳಗೆ ಅಂದೆ.

"ಹೇಗಿರ್ತಿತ್ತು?"

ಒಗೆದು ಇಸ್ತ್ರಿ ಮಾಡಿ ಮಡಚಿದ್ದಿರುತ್ತಿತ್ತು ಅಂದೆ. ಹೇಳುತ್ತಾ ಹೇಳುತ್ತಾ, ಇಟ್ಟವರು ಯಾರು ಅಂತ ನನಗೂ ಹೊಳೆಯಿತು.

ಮರ್ಯಮ್ ನಂಬಲಿಲ್ಲ. ಬಾಬಾಗೆ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಎಲ್ಲಿದೆ ಅಂತಲೇ ಗೊತ್ತಿಲ್ಲ ಅಂದಳು. ಮೊದಲನೆಯ ತುಂಡು ಸುಟ್ಟಿತ್ತಲ್ಲ, ಅದನ್ನು ಹೇಳಿದೆ. ಅವಳು ಅಪ್ಪನ ಕಡೆ ತಿರುಗಿದಳು. ಅವರು ತಪ್ಪಿ ಲೋಟ ಒಡೆದ ಮಕ್ಕಳ ಹಾಗೆ ಮೇಜಿನ ಅಂಚು ನೋಡುತ್ತಿದ್ದರು.

ಆಮೇಲೆ ಅವರು ತಡೆದು ತಡೆದು ಹೇಳಿದ್ದು ಇಷ್ಟು. ಕಪಾಟಿನಲ್ಲಿ ಹೆಂಡತಿಯ ಬಟ್ಟೆಗಳು ಇದ್ದ ಹಾಗೇ ಇದ್ದವು. ಯಾರಿಗಾದರೂ ದಾನ ಮಾಡು ಅಂತ ನಾದಿನಿ ಹೇಳಿದಳು. ಚೀಲಕ್ಕೆ ತುಂಬಿ ಕಾರಿನಲ್ಲಿ ಇಟ್ಟುಕೊಂಡು ಹೋದರು, ಕೊಡಲು ಆಗದೆ ವಾಪಸ್ ತಂದರು. ಇಟ್ಟುಕೊಳ್ಳಲೂ ಆಗಲಿಲ್ಲ, ಕಪಾಟಿನ ಬಾಗಿಲು ತೆಗೆದರೆ ಸಾಕು, ವಾಸನೆ. ಹೀಗಿರುವಾಗ ಗ್ಯಾರೇಜಿನಲ್ಲಿ ನಾನು ಚಿಂದಿಯಲ್ಲಿ ಹೂ ಮಾಡಿ ಹಾಕಿಕೊಳ್ಳುವುದು ಕಂಡಿತು. ಒಂದು ತುಂಡು ಕತ್ತರಿಸಿ ಇಟ್ಟು ನೋಡಿದರು. ಕೆಲವು ದಿನಗಳ ನಂತರ ಅದು ಹೂವಾಗಿ ಎದುರಿಗೆ ಓಡಾಡಿತು. ಇನ್ನೊಂದು ಇಟ್ಟರು.

"ಇವರನ್ನ ಕೇಳಬಹುದಿತ್ತಲ್ಲ, ಬಾಬಾ. ನನಗೆ ಹೇಳಬಹುದಿತ್ತಲ್ಲ."

"ಕೇಳಿದ್ದರೆ ಯಾರಿಗೆ ಮಾಡಲಿ ಅಂತ ಇವಳು ಕೇಳ್ತಿದ್ದಳು" ಅಂದರು ಅರ್ಬಾಬ್. "ಅದು ನನಗೆ ಗೊತ್ತಿರಲಿಲ್ಲ."

ಮರ್ಯಮ್ ಅಲ್ಲೇ ಕುರ್ಚಿಯಲ್ಲಿ ಕೂತು ಮುಖ ಮುಚ್ಚಿಕೊಂಡಳು. ನಾನು ಹೊರಗೆ ಬಂದೆ. ಬರುವಾಗ, ಉಳಿದವೆಲ್ಲ ಎಲ್ಲಿವೆ ಅಂತ ಅವಳು ಕೇಳಿದ್ದು ಬೆನ್ನಿಗೆ ಕೇಳಿಸಿತು. ತಂದುಕೊಡುತ್ತೇನೆ ಅಂದೆ. ಅವಳು ತಂದುಕೊಡು ಅಂದಿರಲಿಲ್ಲ, ಎಲ್ಲಿವೆ ಅಂತ ಕೇಳಿದ್ದಷ್ಟೇ. ಆ ಹೊತ್ತಿನಲ್ಲಿ ಎರಡಕ್ಕೂ ವ್ಯತ್ಯಾಸ ತಿಳಿಯುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಕೊಟ್ಟ ಉಡುಗೊರೆ ವಾಪಸ್ ಕೇಳಲು ಹೋದವರು ನಿಮ್ಮಲ್ಲಿ ಯಾರಾದರೂ ಇದ್ದೀರೋ ಗೊತ್ತಿಲ್ಲ. ಹೋಗಬೇಡಿ. ಸಿಂತಿಯಾ ಬಾಗಿಲಲ್ಲೇ ಸೊಂಟಕ್ಕೆ ಕೈ ಇಟ್ಟು ನಿಂತಳು. "ಕೊಟ್ಟದ್ದನ್ನು ವಾಪಸ್ ಕೇಳ್ತೀಯಲ್ಲ, ಎಂತ ಮಾರಾಯ್ತಿ ನೀನು" ಅಂದಳು. ಕೂತು ಎಲ್ಲ ಹೇಳಿದ ಮೇಲೆ ಎದ್ದುಹೋಗಿ ಪಿನ್ನು, ಬಳೆ ಎರಡನ್ನೂ ಟಿಶ್ಯೂ ಕಾಗದದಲ್ಲಿ ಸುತ್ತಿ ತಂದಳು. ಅವಳ ತಂಗಿಯ ಸರ ಮಾತ್ರ ಸಿಗಲಿಲ್ಲ. ತಂಗಿ ಗೆಳತಿಯ ಮದುವೆಗೆ ಅಂತ ಊರಿಗೆ ಹೋಗಿದ್ದಳು, ಸರವೂ ಅವಳ ಕುತ್ತಿಗೆಯಲ್ಲಿ ಕುಂದಾಪುರಕ್ಕೆ ಹೋಗಿತ್ತು. ಹಸಿರು ಬಟ್ಟೆಯ ಒಂದು ಹೂವು ಎಲ್ಲೂ ಸಿಗದೆ ಮನೆಯೆಲ್ಲ ಜಾಲಾಡಿದೆ. ಕೊನೆಗೆ ಸಿಕ್ಕಿದ್ದು ಸಿಂಚನಾಳ ಸ್ಕೂಲ್ ಬ್ಯಾಗಿನ ಒಳಜೇಬಿನಲ್ಲಿ. ಇದು ಗ್ಯಾರೇಜ್ ವೇಸ್ಟ್ ಅಲ್ಲವಾ ಅಂತ ನಾನು ಕೇಳಲಿಲ್ಲ.

ಎಲ್ಲವನ್ನೂ ಖರ್ಜೂರದ ಖಾಲಿ ಡಬ್ಬಿಯಲ್ಲಿ ಹಾಕಿ ಗ್ಯಾರೇಜಿಗೆ ತಂದೆ. ಮರ್ಯಮ್ ಮುಂದಿನ ವಾರ ಬಂದಾಗ ಅರ್ಬಾಬ್‌ರ ಮೇಜಿನ ಮೇಲೆ ಇಟ್ಟು, ಒಂದು ಸಿಗಲಿಲ್ಲ, ಕ್ಷಮಿಸಿ ಅಂದೆ. ಅವಳು ಒಂದೊಂದನ್ನೇ ಎತ್ತಿ ನೋಡಿದಳು. ನಾನು ಅಂದುಕೊಂಡ ಹಾಗೆ ಅಳಲಿಲ್ಲ. ಇದನ್ನು ಯಾರು ಹಾಕೊಂಡಿದ್ದರು ಅಂತ ಕೇಳಿದಳು. ಇದು ಸಿಂತಿಯಾದು, ಚರ್ಚಿನಲ್ಲಿ ಹಾಡುವಾಗ ಹಾಕಿಕೊಳ್ಳುತ್ತಿದ್ದಳು ಅಂದೆ. ಇದು? ಅದು ನಮ್ಮ ಮಗಳದು, ಬ್ಯಾಗಿನಲ್ಲಿ ಬಚ್ಚಿಟ್ಟುಕೊಂಡು ದಿನಾ ಸ್ಕೂಲಿಗೆ ಒಯ್ಯುತ್ತಿದ್ದಳು. ಸಿಗದೆ ಹೋದದ್ದು? ಅದು ಮದುವೆಗೆ ಹೋಗಿದೆ. ನಾನು ಹೇಳಿದ್ದನ್ನೆಲ್ಲ ಅವಳು ಅಪ್ಪನಿಗೆ ಅರಬ್ಬಿಯಲ್ಲಿ ಹೇಳುತ್ತಾ ಹೋದಳು.

ಅರ್ಬಾಬ್ ಅಂದು ಮೊದಲ ಸಲ ಬಾಯಿ ಬಿಟ್ಟರು. ಕುಂದಾಪುರ ಎಲ್ಲಿದೆ ಅಂತ ಕೇಳಿದರು. ನಾನು ಫೋನಿನಲ್ಲಿ ಮ್ಯಾಪು ತೆಗೆದು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದರು.

"ಸಮುದ್ರ ಇದೆ" ಅಂದರು. ಮ್ಯಾಪಿನಿಂದ ಕಣ್ಣು ತೆಗೆಯದೆ, "ಇವಳ ಅಮ್ಮನಿಗೆ ವಿಮಾನ ಅಂದರೆ ಭಯ. ಮೆಕ್ಕಾಗೆ, ಉಮ್ರಾ ಯಾತ್ರೆಗೂ ಕಾರಿನಲ್ಲೇ ಕರಕೊಂಡು ಹೋಗಿದ್ದೆ" ಅಂದರು.

ಮರ್ಯಮ್ ನಕ್ಕುಬಿಟ್ಟಳು. ನಕ್ಕು ಕಣ್ಣೊರೆಸಿಕೊಂಡು, ಡಬ್ಬಿಯ ಮುಚ್ಚಳ ಹಾಕಿ ನನ್ನ ಕಡೆ ತಳ್ಳಿದಳು. ಅವರವರದು ಅವರವರಿಗೆ ಕೊಟ್ಟುಬಿಡಿ ಅಂದಳು. ಮರೂನ್ ತಲೆಪಟ್ಟಿ ಮಾತ್ರ ಅವಳ ಕೈಚೀಲದಲ್ಲಿ ಉಳಿಯಿತು, ಅದನ್ನು ನಾನು ಕೇಳಲೂ ಇಲ್ಲ. ನನ್ನ ಪೇಚಾಟ ಹೆಚ್ಚಾಯಿತು ನೋಡಿ. ಡಬ್ಬಿ ಹಿಡಿದು ಮತ್ತೆ ಸಿಂತಿಯಾಳ ಬಾಗಿಲು ತಟ್ಟಿದಾಗ, ಈ ಸಲ ಏನು, ಕೊಡಲು ಬಂದದ್ದೋ ಕಿತ್ತುಕೊಳ್ಳಲು ಬಂದದ್ದೋ ಅಂತ ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು.

ಅದಾದ ಮೇಲೆ ಮರ್ಯಮ್ ಸ್ಕೂಲು ಮುಗಿಸಿ ಗುರುವಾರದ ಮಧ್ಯಾಹ್ನಗಳಲ್ಲಿ ಬರತೊಡಗಿದಳು. ಕಪಾಟಿನಲ್ಲಿ ಉಳಿದಿದ್ದ ಒಂದು ನೀಲಿ ಅಂಗಿಯನ್ನು ಇಡಿಯಾಗಿ ತಂದಳು. ಕತ್ತರಿ ಅವಳ ಕೈಯಲ್ಲಿತ್ತು, ಆದರೆ ಮೊದಲ ದಿನ ಕತ್ತರಿಸಲು ಆಗಲಿಲ್ಲ. ಇಬ್ಬರೂ ಚಹಾ ಕುಡಿದು, ಅಂಗಿ ಮಡಚಿ, ಎದ್ದೆವು. ಅದರ ಮುಂದಿನ ವಾರ ತೋಳಿನ ತುದಿಯಿಂದ ಸಣ್ಣದೊಂದು ತುಂಡು ಕತ್ತರಿಸಿದಳು. ದಾರ ಎಳೆಯುವುದು ಅವಳಿಗೆ ಬರಲೇ ಇಲ್ಲ. ಜೋರಾಗಿ ಎಳೆದರೆ ದಾರ ಹರಿಯಿತು, ಸಡಿಲ ಬಿಟ್ಟರೆ ಎಸಳು ಬಿಚ್ಚಿಕೊಂಡಿತು. ಕೊನೆಗೆ ಆದದ್ದು ಹೂಕೋಸಿನ ಹಾಗೆ ಇತ್ತು, ಅದೂ ಒಂದು ಕಡೆ ವಾಲಿದ್ದು. ಅವಳು ಅದನ್ನು ಒಳಗೆ ಒಯ್ದು ಅಪ್ಪನ ಬಿಳಿ ನಿಲುವಂಗಿಯ ಎದೆಯ ಜೇಬಿಗೆ ಪಿನ್ನು ಚುಚ್ಚಿ ಕೂರಿಸಿ, ಅವರ ಹಣೆಗೆ ಮುತ್ತು ಕೊಟ್ಟು ಹೊರಟುಹೋದಳು.

ಅವಳು ಹೋದ ಕೂಡಲೇ ಅವರು ತೆಗೆದಿಡುತ್ತಾರೆ ಅಂದುಕೊಂಡಿದ್ದೆ. ತೆಗೆಯಲಿಲ್ಲ. ಅಷ್ಟರಲ್ಲಿ ಹಳೆಯ ಗಿರಾಕಿಯೊಬ್ಬರು ಗೇರ್‌ಬಾಕ್ಸಿನ ವಿಷಯಕ್ಕೆ ಬಂದರು. ಅರ್ಬಾಬ್ ಎದ್ದು ಅಂಗಳಕ್ಕೆ ಬಂದು, ಎಂದಿನ ಬಿಗಿ ಮುಖದಲ್ಲಿ ಬೆಲೆ ಹೇಳಿದರು. ಗಿರಾಕಿಯ ಕಣ್ಣು ಅವರ ಎದೆಯ ಮೇಲೆ ನೆಟ್ಟುಹೋಗಿತ್ತು, ಚೌಕಾಸಿ ಮಾಡಬೇಕು ಅನ್ನುವುದನ್ನೇ ಮರೆತವರಂತೆ ಹೂಂ ಹೂಂ ಅನ್ನುತ್ತಿದ್ದರು. ಇಸ್ಮಾಯಿಲ್ ಭಾಯಿ ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ಅರ್ಬಾಬ್‌ರಿಗೆ ಹೂವು ಮರೆತುಹೋಗಿದೆಯೇ, ಹೋಗಿ ಮೆಲ್ಲಗೆ ಹೇಳಬೇಕೇ, ಹೇಳಿದರೆ ಏನಂತ ಹೇಳುವುದು, ನನಗೆ ಒಂದೂ ತಿಳಿಯಲಿಲ್ಲ.

ಬೆಲೆ ಕುದುರಿತು. ಗಿರಾಕಿ ಸಹಿಗೆ ಪೆನ್ನು ಕೇಳಿದರು. ಅರ್ಬಾಬ್‌ರ ಪೆನ್ನು ಯಾವಾಗಲೂ ಆ ಎದೆಯ ಜೇಬಿನಲ್ಲೇ ಇರುತ್ತದೆ. ಕೈ ಅಲ್ಲಿಗೆ ಹೋಯಿತು, ಹೂವಿಗೆ ತಾಗಿತು, ಅಲ್ಲೇ ನಿಂತಿತು. ಎಸಳು ನಲುಗದ ಹಾಗೆ ಅವರು ಹೆಬ್ಬೆರಳಲ್ಲಿ ಹೂವನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ, ಪೆನ್ನು ಎಳೆದು ಕೊಟ್ಟು, ಮತ್ತೆ ಅದನ್ನು ಇದ್ದ ಜಾಗಕ್ಕೇ ತಂದು ಕೂರಿಸಿದರು.